ಗಂಗಾವತಿಯಿಂದ ಕುಮಟಾಕ್ಕೆ: ಉಬ್ಬರವಿಳಿತ ತೋರಿಸುವ ವಾಚು ಯಾವುದು ಕೊಳ್ಳಲಿ?

ಪ್ರಶ್ನೆ: ನಾನು ಗಂಗಾವತಿಯವಳು. ಪ್ರಾಥಮಿಕ ಶಾಲೆ ಶಿಕ್ಷಕಿಯಾಗಿ ಮುಂದಿನ ತಿಂಗಳು ಕುಮಟಾ ತಾಲ್ಲೂಕಿನಲ್ಲಿ ಹಾಜರಾಗಬೇಕು. ದಿನಾ ಬೆಳಗಿನ ಜಾವ ಐದಾರು ಕಿಲೋಮೀಟರ್ ಓಡುವ ರೂಢಿ. ಅಲ್ಲಿ ಕಡಲ ದಂಡೆಯಲ್ಲಿ ಓಡಬೇಕೆಂಬ ಆಸೆಯಿದೆ. ನೀರು ಇಳಿದಾಗ ಮಾತ್ರ ಮರಳು ಗಟ್ಟಿಯಾಗಿರುತ್ತದೆ ಎಂದು ಅಲ್ಲಿಯ ಶಿಕ್ಷಕಿಯೊಬ್ಬರು ಹೇಳಿದರು. ಉಬ್ಬರವಿಳಿತ ಮತ್ತು ಚಂದ್ರನ ಕಲೆ ತೋರಿಸುವ ಡಿಜಿಟಲ್ ಸ್ಪೋರ್ಟ್ಸ್ ವಾಚು 5,000 ರೂಪಾಯಿ ಒಳಗೆ ಸಿಗುತ್ತದೆಯೇ? ಇಲ್ಲಿನ ಅಂಗಡಿಯಲ್ಲಿ ಒಂದನ್ನು ತೋರಿಸಿ, ‘ಇದರ ಸೆನ್ಸರ್ ಸಮುದ್ರದಾಗ ನೀರು ಎಷ್ಟೈತಿ ಅಂತ ಹೇಳ್ತದ್ರೀ’ ಎಂದರು. ನಿಜವೇ? ರಜೆಗೆ ಊರಿಗೆ ಬಂದಾಗ ಅದು ಏನು ತೋರಿಸುತ್ತದೆ? ಅಪ್ಪನದೂ ಒಂದು ಪ್ರಶ್ನೆ: ವಾಚಿನ ಹುಣ್ಣಿಮೆ ನಮ್ಮ ಪಂಚಾಂಗದ ಹುಣ್ಣಿಮೆಗೆ ಹೊಂದುತ್ತದೆಯೇ?

ಉತ್ತರ: ಟೀಚರ್, ಅಂಗಡಿಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅದು ನಿಜವಲ್ಲ. ಉಬ್ಬರವಿಳಿತ ತೋರಿಸುವ ವಾಚಿನಲ್ಲಿ ಸಮುದ್ರವನ್ನು ಅಳೆಯುವ ಯಾವ ಸೆನ್ಸರೂ ಇರುವುದಿಲ್ಲ. ಅದನ್ನು ಕಡಲಲ್ಲಿ ಮುಳುಗಿಸಿದರೂ ಅಷ್ಟೇ, ನಿಮ್ಮ ಗಂಗಾವತಿಯ ಮನೆಯ ಮಾಡದಲ್ಲಿಟ್ಟರೂ ಅಷ್ಟೇ, ಗ್ರಾಫ್ ಒಂದೇ ರೀತಿ ಏರುತ್ತದೆ, ಇಳಿಯುತ್ತದೆ. ಅದಕ್ಕೆ ಗೊತ್ತಿರುವುದು ತಾರೀಖು, ಗಂಟೆ, ಮತ್ತು ನೀವು ತುಂಬಿದ ಊರಿನ ವಿವರ. ಇಷ್ಟನ್ನು ಇಟ್ಟುಕೊಂಡು ಚಂದ್ರ ಎಲ್ಲಿದ್ದಾನೆ ಎಂದು ಲೆಕ್ಕ ಹಾಕಿ, ಅದರಿಂದ ನೀರು ಏರಿರಬೇಕೋ ಇಳಿದಿರಬೇಕೋ ಎಂದು ಊಹಿಸುತ್ತದೆ. ಊರಿನ ವಿವರ ತಪ್ಪಾಗಿದ್ದರೆ ಊಹೆಯೂ ತಪ್ಪು. ಆದರೂ ಗ್ರಾಫ್ ಮಾತ್ರ ಅಷ್ಟೇ ಅಂದವಾಗಿ ಕಾಣುತ್ತದೆ. ನನಗೆ ಭಯವಿರುವುದು ಅದಕ್ಕೇ.

ಭಯಕ್ಕೆ ಕಾರಣವಿದೆ. ಬಳ್ಳಾರಿಯಲ್ಲಿ ವಾಚು ರಿಪೇರಿ ಅಂಗಡಿ ನನ್ನದು. ವರ್ಷಕ್ಕೆ ನಾಲ್ಕೈದು ಸಲ ಕಾರವಾರಕ್ಕೆ ಗಾಳ ಹಾಕಲು ಹೋಗುವ ಗಿರಾಕಿಯೊಬ್ಬರು ತಮ್ಮ ವಾಚಿಗೆ ಸೆಲ್ಲು ಹಾಕಿಸಿಕೊಂಡು ಹೋದರು. ಎರಡು ವಾರದ ಮೇಲೆ ಬಂದು ವಾಚನ್ನು ಕೌಂಟರಿನ ಮೇಲಿಟ್ಟು, ‘ಇದು ಭರತಿ, ಅಂದ್ರ ಉಬ್ಬರ, ಅಂತ ತೋರಿಸ್ತದ, ಅಲ್ಲಿ ನೋಡಿದ್ರ ನೀರಿಳದು ಬಂಡೆಗಲ್ಲೆಲ್ಲಾ ಬರಿದಾಗಿ ಕುಂತಾವ’ ಎಂದರು. ಬಟನ್ ಒತ್ತಿ ನೋಡಿದೆ. ಹೋಮ್ ಸಿಟಿ ಟೋಕಿಯೊ ಎಂದಿತ್ತು. ಸೆಲ್ಲು ತೆಗೆದಾಗ ವಾಚಿನ ನೆನಪೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿತ್ತು. ನಾನು ಗಂಟೆ, ತಾರೀಖು ಕೂಡಿಸಿ ಕೊಟ್ಟಿದ್ದೆ, ಊರು ಕೂಡಿಸಿರಲಿಲ್ಲ. ಗಂಟೆ ನಮ್ಮದು, ಕಡಲು ಜಪಾನಿನದು. ತಪ್ಪು ನನ್ನದೇ. ಅಲ್ಲಿಂದೀಚೆಗೆ ಇಂಥ ವಾಚು ಕೈಗೆ ಬಂದರೆ ಮುಚ್ಚಳ ಬಿಚ್ಚುವ ಮೊದಲೇ ಅದರ ಸೆಟ್ಟಿಂಗನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಹಾಗಾಗಿ ಯಾವ ವಾಚು ಎನ್ನುವುದಕ್ಕಿಂತ ಮೊದಲು ಅದು ಲೆಕ್ಕ ಹಾಕುವ ಬಗೆ ತಿಳಿಯಿರಿ. ಅದು ತಿಳಿದರೆ ಅಂಗಡಿಯಲ್ಲಿ ಏನು ಕೇಳಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಚಂದ್ರ ಇವತ್ತು ನೆತ್ತಿಯ ಮೇಲಿನ ಗೆರೆ ದಾಟಿದ ಹೊತ್ತಿಗೆ ನಾಳೆ ದಾಟುವುದಿಲ್ಲ. ಸುಮಾರು 50 ನಿಮಿಷ ತಡ ಮಾಡುತ್ತಾನೆ. ಅಂದರೆ ಚಂದ್ರನ ಲೆಕ್ಕದ ಒಂದು ದಿನಕ್ಕೆ 24 ಗಂಟೆ 50 ನಿಮಿಷ. ಈ ಅವಧಿಯಲ್ಲಿ ನಮ್ಮ ಕರಾವಳಿಯಲ್ಲಿ ನೀರು ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ 12 ಗಂಟೆ 25 ನಿಮಿಷ, ಉಬ್ಬರದಿಂದ ಇಳಿತಕ್ಕೆ 6 ಗಂಟೆಗಿಂತ ತುಸು ಹೆಚ್ಚು. ಇವೆಲ್ಲ ಸರಾಸರಿ ಅಂಕಿಗಳು.

ಆದರೆ ಚಂದ್ರ ನೆತ್ತಿಗೆ ಬಂದ ಕೂಡಲೇ ನೀರು ಏರುವುದಿಲ್ಲ. ಅಷ್ಟು ದೊಡ್ಡ ನೀರು ದಂಡೆಯ ತಿರುವು, ತಳದ ಆಳ, ಅಳಿವೆಯ ಬಾಯಿ ಎಲ್ಲವನ್ನೂ ದಾಟಿ ಬರಬೇಕಲ್ಲ, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಚಂದ್ರ ನೆತ್ತಿ ದಾಟಿದ ಮೇಲೆ ಉಬ್ಬರ ಬರುವವರೆಗಿನ ಆ ಅಂತರಕ್ಕೆ ವಾಚಿನ ಪುಸ್ತಕದಲ್ಲಿ ‘ಲೂನಿಟೈಡಲ್ ಇಂಟರ್ವಲ್’ ಎಂದಿರುತ್ತದೆ. ಪ್ರತಿ ಬಂದರಿಗೂ ಇದು ಬೇರೆ. ಇಡೀ ವಾಚಿನ ಉಬ್ಬರವಿಳಿತದ ಲೆಕ್ಕ ಈ ಒಂದು ಅಂಕಿಯ ಮೇಲೆ ನಿಂತಿದೆ. ಆದ್ದರಿಂದ ನಿಮಗೆ ಬೇಕಾದ ವಾಚಿನಲ್ಲಿ ಮೂರನ್ನು ನೀವೇ ತುಂಬಲು ಬರಬೇಕು: ಗ್ರೀನ್‌ವಿಚ್‌ಗೂ ನಮಗೂ ಇರುವ ಐದೂವರೆ ಗಂಟೆಯ ವ್ಯತ್ಯಾಸ, ಊರಿನ ರೇಖಾಂಶ, ಮತ್ತು ಈ ಅಂತರ. ಊರುಗಳ ಪಟ್ಟಿಯಿಂದ ಒಂದನ್ನು ಆರಿಸಿ ಸುಮ್ಮನಿರಿ ಎನ್ನುವ ವಾಚು ನಿಮಗೆ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ನಮ್ಮ ದೇಶದ ಹೆಸರಿಗೆ ಹೆಚ್ಚಾಗಿ ಇರುವುದು ದೆಹಲಿ. ದೆಹಲಿಗೆ ಕಡಲಿಲ್ಲ.

ತುಂಬುವುದು ಕಷ್ಟವೇನಲ್ಲ, ಆದರೆ ಸಾವಧಾನ ಬೇಕು. ಕುಮಟಾದ ರೇಖಾಂಶ 74 ಡಿಗ್ರಿ ಪೂರ್ವ ಎಂದು ಕೂಡಿಸಿ. ಪೂರ್ವ ಎನ್ನುವುದಕ್ಕೆ ಇಂಗ್ಲಿಷ್‌ನ ‘ಇ’ ಅಕ್ಷರ ಇದೆಯೇ ಎಂದು ಎರಡು ಸಲ ನೋಡಿ, ‘ಡಬ್ಲ್ಯು’ ಇದ್ದರೆ ಅಮೆರಿಕದ ಕಡೆಗೆ ಹೋಗಿರುತ್ತದೆ. ಬೇಸಿಗೆ ಗಂಟೆ ಎಂಬ ಡಿಎಸ್‌ಟಿ ಆಫ್ ಇರಲಿ, ನಮ್ಮಲ್ಲಿ ಅದಿಲ್ಲ. ಇನ್ನು ಆ ಅಂತರ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಬಂದರುಗಳ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರದ ಜಾಲತಾಣದಲ್ಲೂ ಉಬ್ಬರದ ಮುನ್ಸೂಚನೆ ಸಿಗುತ್ತದೆ. ಕುಮಟಾಕ್ಕೆ ಹತ್ತಿರದ ಕಾರವಾರದ ಕಾಲಂನಲ್ಲಿ ಉಬ್ಬರದ ಹೊತ್ತು ನೋಡಿ. ಅದೇ ದಿನ ಚಂದ್ರ ನೆತ್ತಿ ದಾಟುವ ಹೊತ್ತನ್ನು ಚಂದ್ರೋದಯ ತೋರಿಸುವ ಯಾವುದಾದರೂ ಫೋನ್ ಆಪ್‌ನಲ್ಲಿ ನೋಡಿ. ಎರಡರ ನಡುವಿನ ಅಂತರ ಬರೆದುಕೊಳ್ಳಿ. ಲೆಕ್ಕ ತಿಳಿಯಲಿ ಎಂದು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ: ಚಂದ್ರ ರಾತ್ರಿ 12 ಗಂಟೆ 30 ನಿಮಿಷಕ್ಕೆ ನೆತ್ತಿ ದಾಟಿದ, ಮುಂದಿನ ಉಬ್ಬರ ಬೆಳಿಗ್ಗೆ 11ಕ್ಕೆ ಎಂದಿಟ್ಟುಕೊಳ್ಳಿ, ಆಗ ಅಂತರ ಹತ್ತೂವರೆ ಗಂಟೆ. ಒಂದೇ ದಿನದ ಅಂಕಿಯನ್ನು ನಂಬಬೇಡಿ. ಸೂರ್ಯನೂ ನೀರನ್ನು ಎಳೆಯುವುದರಿಂದ ಈ ಅಂತರ ಪಕ್ಷದೊಳಗೆ ಹಿಂದುಮುಂದಾಗುತ್ತದೆ. ಹದಿನೈದು ದಿನದಲ್ಲಿ ಐದಾರು ದಿನ ಲೆಕ್ಕ ಹಾಕಿ ಸರಾಸರಿ ತೆಗೆದು ವಾಚಿಗೆ ಕೂಡಿಸಿ.

ಅಲ್ಲಿ ಹೋದ ಮೇಲೆ ಇನ್ನೊಂದು ಕೆಲಸ ಮಾಡಿ. ಮೊದಲ ತಿಂಗಳು ದಂಡೆಗೆ ಹೋದಾಗಲೆಲ್ಲ ವಾಚು ಏನು ಹೇಳಿತು, ನೀರು ಎಲ್ಲಿತ್ತು ಎಂದು ಗುರುತು ಹಾಕಿ. ವಾಚು ಪ್ರತಿಸಲವೂ ನಿಜವಾದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಉಬ್ಬರ ತೋರಿಸುತ್ತಿದ್ದರೆ ಅಂತರಕ್ಕೆ ಅರ್ಧ ಗಂಟೆ ಸೇರಿಸಿದರಾಯಿತು. ನಿಮ್ಮ ಶಾಲೆ ಬಾಡ, ಧಾರೇಶ್ವರದಂತೆ ತೆರೆದ ಕಡಲಿನ ಊರಲ್ಲಿದ್ದರೆ ಕಾರವಾರದ ಅಂಕಿಯ ಹತ್ತಿರ ಬರುತ್ತದೆ. ಅಘನಾಶಿನಿಯ ಒಳಗಿನ ಊರಾದರೆ ನೀರು ನದಿಯೊಳಗೆ ಏರಿ ಬರಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ನದಿಗಿಳಿದು ಬಳಚು ಎಂಬ ತಿನ್ನುವ ಚಿಪ್ಪು ಆರಿಸುವ ಹೆಣ್ಣುಮಕ್ಕಳಿದ್ದಾರೆ. ಅವರನ್ನು ಕೇಳಿ. ಯಾವ ತಿಥಿಗೆ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ ಎನ್ನುವುದು ಅವರ ಕೈಬಾಯಿಯಲ್ಲೇ ಇರುತ್ತದೆ, ಏಕೆಂದರೆ ಅದೇ ಅವರ ಅನ್ನ.

ಅವರ ಲೆಕ್ಕದ ಗುಟ್ಟನ್ನೂ ಹೇಳುತ್ತೇನೆ. ಒಂದು ಊರಿನಲ್ಲಿ ಈ ಅಮಾವಾಸ್ಯೆಗೆ ಯಾವ ಹೊತ್ತಿಗೆ ಉಬ್ಬರ ಬಂತೋ ಮುಂದಿನ ಹುಣ್ಣಿಮೆಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ನಡುವಿನ ದಿನಗಳಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಸರಿಯುತ್ತ ಹೋಗುತ್ತದೆ. ಆದ್ದರಿಂದ ನಿಮ್ಮ ಊರಿನ ಹುಣ್ಣಿಮೆಯ ಇಳಿತದ ಹೊತ್ತೊಂದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಅರ್ಧ ವಾಚು ಅಲ್ಲೇ ಇದ್ದಂತೆ. ವಾಚು ಕೊಳ್ಳಬೇಡಿ ಎಂದು ಇದನ್ನು ಹೇಳುತ್ತಿಲ್ಲ. ವಾಚಿನ ಗ್ರಾಫ್ ದಿಕ್ಕು ತಪ್ಪಿದರೆ ಹಿಡಿಯಲು ನಿಮ್ಮ ಹತ್ತಿರ ಇನ್ನೊಂದು ಅಳತೆ ಇರಲಿ ಎಂದು ಹೇಳುತ್ತಿದ್ದೇನೆ.

ಓಡುವುದರ ಬಗ್ಗೆ. ಇಳಿತದ ಹೊತ್ತಿನ ಆಚೆ ಒಂದೂವರೆ ಗಂಟೆ, ಈಚೆ ಒಂದೂವರೆ ಗಂಟೆ ನಿಮ್ಮದು. ನೀರು ಬಿಟ್ಟು ಹೋದ ಒದ್ದೆ ಮರಳು ಆಗ ಗಟ್ಟಿಯಾಗಿ, ಅಗಲವಾಗಿ ಸಿಗುತ್ತದೆ. ಉಬ್ಬರದಲ್ಲಿ ಉಳಿಯುವುದು ಮೇಲಿನ ಒಣ ಮರಳು ಮಾತ್ರ, ಕಾಲು ಹೂತು ಹಿಮ್ಮಡಿ ನೋಯುತ್ತದೆ. ಈಗ ಲೆಕ್ಕ ನೋಡಿ. ಇವತ್ತು ಬೆಳಿಗ್ಗೆ 6ಕ್ಕೆ ಇಳಿತವಿದ್ದರೆ ನಾಳೆ 6 ಗಂಟೆ 50 ನಿಮಿಷದ ಹೊತ್ತಿಗೆ, ನಾಡಿದ್ದು 7 ಗಂಟೆ 40 ನಿಮಿಷಕ್ಕೆ. ವಾರ ಕಳೆಯುವ ಹೊತ್ತಿಗೆ ಬೆಳಗಿನ 6ಕ್ಕೆ ತುಂಬು ಉಬ್ಬರ. ಹೀಗಾಗಿ ಹದಿನೈದು ದಿನದಲ್ಲಿ ಕೆಲವೇ ಬೆಳಗುಗಳು ದಂಡೆಗೆ, ಉಳಿದವು ರಸ್ತೆಗೆ ಎಂದು ಈಗಲೇ ಮನಸ್ಸಿಗೆ ತಂದುಕೊಳ್ಳಿ. ಬೆಳಿಗ್ಗೆ ಆಗದಿದ್ದರೆ ಸಂಜೆ ಓಡೋಣ ಎಂದುಕೊಂಡರೆ ಅದೂ ನಡೆಯದು. ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಅಂತರವಾದ್ದರಿಂದ ಬೆಳಗಿನ 6ಕ್ಕೆ ಉಬ್ಬರವಿದ್ದ ದಿನ ಸಂಜೆ ಆರೂವರೆಗೂ ಉಬ್ಬರವೇ ಇರುತ್ತದೆ. ಇಳಿತ ಬರುವುದು ನಡುಮಧ್ಯಾಹ್ನ, ನೀವು ಪಾಠ ಮಾಡುತ್ತಿರುವಾಗ. ಇದನ್ನು ಮೊದಲೇ ಗ್ರಾಫ್ ನೋಡಿ ತಿಳಿಯಬಹುದು ಎನ್ನುವುದೇ ನಿಮ್ಮಂಥವರಿಗೆ ಈ ವಾಚಿನ ನಿಜವಾದ ಉಪಯೋಗ. ಮುಂದಿನ ತಾರೀಖಿಗೆ ಬಟನ್ ಒತ್ತುತ್ತ ಹೋಗಿ, ವಾರದ ಓಟವನ್ನು ಭಾನುವಾರವೇ ಗೊತ್ತು ಮಾಡಿಕೊಳ್ಳಬಹುದು.

ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬೇಡಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಂದೇ ದಿನದ ಎರಡು ಉಬ್ಬರಗಳು ಸಮ ಎತ್ತರದವಲ್ಲ, ಒಂದು ದೊಡ್ಡದು, ಒಂದು ಸಣ್ಣದು. ಅಗ್ಗದ ವಾಚಿನ ಗ್ರಾಫ್ ಎರಡನ್ನೂ ಒಂದೇ ಎತ್ತರಕ್ಕೆ ಬರೆಯುತ್ತದೆ. ಗಾಳಿ ನೀರನ್ನು ದಂಡೆಗೆ ಒತ್ತುತ್ತಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ದೂರದ ಸಾಗರದಲ್ಲೆಲ್ಲೋ ಎದ್ದ ಅಲೆಗಳು ನಮ್ಮ ದಂಡೆಯಲ್ಲಿ ಗಾಳಿಯೇ ಇಲ್ಲದ ದಿನ ಒಮ್ಮೆಲೇ ಉಕ್ಕಿ ಬರುವುದುಂಟು. ಅದರ ಎಚ್ಚರಿಕೆ ಇನ್‌ಕಾಯಿಸ್ ಕೊಡುತ್ತದೆ, ವಾಚು ಕೊಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಆ ದಿನಗಳಲ್ಲಿ ಗ್ರಾಫ್ ತಳದಲ್ಲಿದ್ದರೂ ನೀವು ರಸ್ತೆಯಲ್ಲೇ ಓಡಿ. ನಾವು ಬಯಲುಸೀಮೆಯವರು. ಕೆರೆ, ಕಾಲುವೆ, ಹೆಚ್ಚೆಂದರೆ ತುಂಗಭದ್ರೆ ನೋಡಿ ಬೆಳೆದವರು. ಕಡಲ ಗುಣ ಕಲಿಯಲು ಒಂದು ಮಳೆಗಾಲವಾದರೂ ಬೇಕು. ಅಲ್ಲಿಯವರು ‘ಇವತ್ತು ಬೇಡ’ ಎಂದರೆ ಬೇಡ.

ಈಗ ಕೊಳ್ಳುವ ಮಾತು. ನಿಮ್ಮ 5,000 ರೂಪಾಯಿಯಲ್ಲಿ ನಾನು ಮೊದಲು ನೋಡುವುದು ಕ್ಯಾಸಿಯೊ ಕಂಪನಿಯ ಸಾದಾ ಪ್ಲಾಸ್ಟಿಕ್ ಸ್ಪೋರ್ಟ್ಸ್ ವಾಚುಗಳನ್ನು. ಡಬ್ಲ್ಯುಎಸ್-1200ಎಚ್ ಎಂಬ ಮಾದರಿಯಲ್ಲಿ ಚಂದ್ರನ ಕಲೆಯೂ ಇದೆ, ಉಬ್ಬರವಿಳಿತದ ಗ್ರಾಫೂ ಇದೆ. 100 ಮೀಟರ್ ನೀರು ತಡೆಯುತ್ತದೆ, ಹಗುರವಾಗಿದೆ. ಓಡುವವರಿಗೆ ಹಗುರ ಎನ್ನುವುದು ಸಣ್ಣ ಮಾತಲ್ಲ, ಐದನೇ ಕಿಲೋಮೀಟರಿನಲ್ಲಿ ಮಣಿಕಟ್ಟಿಗೆ ಗೊತ್ತಾಗುತ್ತದೆ. ಜಿ-ಶಾಕ್ ಸರಣಿಯಲ್ಲಿ ಜಿ-7900 ಮತ್ತು ಚೌಕ ಮುಖದ ಜಿಎಲ್‌ಎಕ್ಸ್-5600 ಇವೆ. ಎರಡರಲ್ಲೂ ಚಂದ್ರ, ಉಬ್ಬರ ಎರಡೂ ಉಂಟು, 200 ಮೀಟರ್ ತಡೆ, ಬಿದ್ದರೂ ಏನೂ ಆಗದ ಮೈಕಟ್ಟು. ಆದರೆ ಜಿ-ಶಾಕ್ ಎಂದ ಕೂಡಲೇ ಬೆಲೆ ನಿಮ್ಮ ಗೆರೆ ದಾಟುವುದೇ ಹೆಚ್ಚು. ಜಿ-7900 ಅಂಕಿ ದೊಡ್ಡವು, ವಾಚೂ ದೊಡ್ಡದು. ಸಣ್ಣ ಕೈಯವರು ಕಟ್ಟಿ ನೋಡದೆ ಕೊಳ್ಳಬಾರದು. ಬೇಬಿ-ಜಿ ಸರಣಿಯ ಬಿಎಲ್‌ಎಕ್ಸ್-560 ಅದೇ ಕೆಲಸವನ್ನು ಸಣ್ಣ ಮೈಯಲ್ಲಿ ಮಾಡುತ್ತದೆ. ಫೋನಿಗೆ ಜೋಡಿಸಿ ಬಂದರಿನ ಹೆಸರು ಆರಿಸಿದರೆ ಸಾಕೆನ್ನುವ ಜಿಬಿಎಕ್ಸ್-100 ಸಹ 2020ರಲ್ಲಿ ಬಂತು, ತುಂಬಾ ಅನುಕೂಲದ್ದು, ಆದರೆ ನಿಮ್ಮ ಬಜೆಟ್ಟಿನದಲ್ಲ.

ಮಾದರಿ ಯಾವುದೇ ಇರಲಿ, ಬೂದು ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಅಂಕಿ ಇರುವುದನ್ನೇ ಕೊಳ್ಳಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಂಕಿ ಇರುವುದು ಶೋಕೇಸಿನ ದೀಪದಡಿ ಮಿಂಚುತ್ತದೆ, ಬೆಳಗಿನ ಮಬ್ಬಿನಲ್ಲಿ ಓಡುತ್ತ ಕೈ ತಿರುಗಿಸಿದರೆ ಏನೂ ಕಾಣುವುದಿಲ್ಲ. ಅದರ ಮೇಲೆ ಉಬ್ಬರದ ಗ್ರಾಫ್ ಎಂದರೆ ಉಗುರಿನಷ್ಟು ಜಾಗದಲ್ಲಿ ಎಳೆದ ಸಣ್ಣ ಸಣ್ಣ ಗೆರೆಗಳು. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಅಂಗಡಿಯಲ್ಲಿ ವಾಚು ಕೈಗೆ ಬಂದರೆ ಮೊದಲು ತಿರುಗಿಸಿ ಹಿಂಬದಿ ನೋಡಿ. ಕ್ಯಾಸಿಯೊ ಮುಚ್ಚಳದ ಮೇಲೆ ಸಣ್ಣ ಚೌಕದೊಳಗೆ ಒಂದು ಸಂಖ್ಯೆ ಕೆತ್ತಿರುತ್ತದೆ, ಅದು ಒಳಗಿನ ಯಂತ್ರದ ಸಂಖ್ಯೆ, ಮಾಡ್ಯೂಲ್ ನಂಬರ್. ಜಿ-7900 ಆದರೆ 3194. ಆ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾಚಿನ ಪುಸ್ತಕ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಡುವ ಮೊದಲೇ, ಅಂಗಡಿಯಲ್ಲಿ ನಿಂತೇ ಅದನ್ನು ತೆರೆದು ಲೂನಿಟೈಡಲ್ ಇಂಟರ್ವಲ್ ಎಂಬ ಮಾತು ಇದೆಯೇ, ಅದನ್ನು ಬದಲಿಸುವ ಬಗೆ ಬರೆದಿದೆಯೇ ನೋಡಿ. ಪುಸ್ತಕದ ಚಿತ್ರಕ್ಕೂ ಕೈಯಲ್ಲಿರುವ ವಾಚಿಗೂ ತಾಳೆಯಾಗದಿದ್ದರೆ ಅದು ಡೂಪ್ಲಿಕೇಟ್ ಇರಬಹುದು. ಬಲಗಡೆಯ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಕಂಪನಿಯ ಹೆಸರು ಮೂಡಬೇಕು, ಮೂಡದಿದ್ದರೆ ನಕಲಿ ಎಂದು ನಮ್ಮ ಹುಡುಗರು ಹೇಳಿಕೊಂಡು ತಿರುಗುತ್ತಾರೆ. ಅದು ಎಫ್-91ಡಬ್ಲ್ಯು ಎಂಬ ಸಣ್ಣ ವಾಚಿನ ಪರೀಕ್ಷೆ, ಎಲ್ಲದಕ್ಕೂ ಹೊಂದುವುದಿಲ್ಲ.

ಚಂದ್ರನನ್ನು ಪರೀಕ್ಷಿಸಲು ನನ್ನದೇ ಒಂದು ವಿಧಾನವಿದೆ. ಗ್ರಹಣದ ತಾರೀಖು ಕೂಡಿಸಿ ನೋಡುತ್ತೇನೆ. ಚಂದ್ರಗ್ರಹಣ ಹುಣ್ಣಿಮೆಗೇ ಆಗಬೇಕು, ಸೂರ್ಯಗ್ರಹಣ ಅಮಾವಾಸ್ಯೆಗೇ ಆಗಬೇಕು, ಅದರಲ್ಲಿ ಯಾರ ಲೆಕ್ಕವೂ ತಪ್ಪಲು ಬರುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ನಾವೆಲ್ಲ ಕೆಂಪು ಚಂದ್ರನನ್ನು ನೋಡಿದೆವಲ್ಲ, ಆ ತಾರೀಖು ಕೂಡಿಸಿದರೆ ವಾಚಿನಲ್ಲಿ ಪೂರ್ಣ ಚಂದ್ರ ಬರಬೇಕು. 2019ರ ಡಿಸೆಂಬರ್ 26ರಂದು ಮಂಗಳೂರಿನ ಕಡೆ ಸೂರ್ಯ ಬಳೆಯಂತೆ ಕಂಡ. ಅದನ್ನು ಕೂಡಿಸಿದರೆ ಚಂದ್ರ ಮಾಯವಾಗಬೇಕು. ಎರಡು ನಿಮಿಷದ ಕೆಲಸ. ಅಗ್ಗದ ಕೆಲವು ವಾಚುಗಳಲ್ಲಿ ಚಂದ್ರನ ಚಿತ್ರ ಡಯಲ್ ಮೇಲಿನ ಬರೀ ಅಚ್ಚು, ಇನ್ನು ಕೆಲವಲ್ಲಿ ರಾತ್ರಿಯಾದರೆ ಚಂದ್ರ, ಹಗಲಾದರೆ ಸೂರ್ಯ ಬರುವ ಸುತ್ತು. ಅವು ಈ ಪರೀಕ್ಷೆಯಲ್ಲಿ ಕೂಡಲೇ ಸಿಕ್ಕಿಬೀಳುತ್ತವೆ. ಪರೀಕ್ಷೆ ಮುಗಿದ ಮೇಲೆ ಇವತ್ತಿನ ತಾರೀಖನ್ನು ಮರಳಿ ಕೂಡಿಸುವುದು ಮರೆಯಬೇಡಿ.

ನೀರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡಯಲ್ ಮೇಲಿನ ಮೀಟರ್ ಸಂಖ್ಯೆ ಅಷ್ಟು ಆಳಕ್ಕೆ ಇಳಿಯಬಹುದು ಎಂಬ ಅಪ್ಪಣೆಯಲ್ಲ, ಅಲುಗಾಡದ ನೀರಿನ ಒತ್ತಡದ ಪರೀಕ್ಷೆ. 30 ಎಂದರೆ ಕೈ ತೊಳೆಯಬಹುದು, ಮಳೆಯಲ್ಲಿ ನೆನೆಯಬಹುದು. 50 ಎಂದರೆ ಈಜು. ಕಡಲ ಪಕ್ಕದಲ್ಲಿ ಬಾಳುವವರು 100ಕ್ಕಿಂತ ಕೆಳಗೆ ಕೊಳ್ಳಬೇಡಿ. ನೀರೊಳಗೆ ಬಟನ್ ಒತ್ತಬೇಡಿ. ದಂಡೆಯಿಂದ ಬಂದ ಕೂಡಲೇ ಸಿಹಿನೀರಿನ ನಲ್ಲಿಯಡಿ ಹಿಡಿದು ತೊಳೆದು ಒರೆಸಿ. ಉಪ್ಪು ಬಟನ್ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ, ಬೆಲ್ಟಿನ ಕಡ್ಡಿ ತುಕ್ಕು ಹಿಡಿದು ಒಂದು ದಿನ ಓಡುತ್ತಿರುವಾಗಲೇ ಕಳಚಿ ಬೀಳುತ್ತದೆ. ಇನ್ನು ಬೇಸಿಗೆ ರಜೆಗೆ ನಮ್ಮ ಕಡೆ ಬಂದಾಗ ಬೈಕಿನ ಟ್ಯಾಂಕಿನ ಮೇಲೆ, ಕಾರಿನ ಗಾಜಿನ ಹತ್ತಿರ ವಾಚು ಬಿಡಬೇಡಿ. ಏಪ್ರಿಲ್, ಮೇ ಬಿಸಿಲಿಗೆ ಡಿಸ್ಪ್ಲೇ ಪೂರ್ತಿ ಕಪ್ಪಾಗುತ್ತದೆ. ತಣ್ಣಗಾದ ಮೇಲೆ ಸರಿಹೋಗುವುದು ನಿಜ, ಆದರೆ ಪ್ರತಿಸಲವೂ ಆಯುಷ್ಯ ತುಸು ಕಡಿಮೆಯಾಗುತ್ತದೆ.

ಸೆಲ್ಲು ಬದಲಿಸುವ ದಿನ ಬಂದಾಗ ಮೂರು ಮಾತು ನೆನಪಿಡಿ. ಮುಚ್ಚಳದ ಒಳಗೆ ಕೂದಲೆಳೆಯಂಥ ರಬ್ಬರ್ ರಿಂಗ್ ಇರುತ್ತದೆ, ನೀರು ತಡೆಯುವುದೆಲ್ಲ ಅದೇ. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿ, ಸರಿಯಾಗಿ ಕೂಡಿಸಿ ಮುಚ್ಚುವವರ ಹತ್ತಿರವೇ ಕೊಡಿ. ಬೀಪ್ ಸದ್ದು ಕೊಡುವ ಸಣ್ಣ ಸ್ಪ್ರಿಂಗ್ ಬಿದ್ದುಹೋಗದಂತೆ ನೋಡಲು ಹೇಳಿ. ಮೂರನೆಯದು ನಾನು ಆಗಲೇ ಹೇಳಿದ್ದು: ಸೆಲ್ಲು ಹಾಕಿದ ಮೇಲೆ ಒಳಗೆ ‘ಎಸಿ’ ಎಂದು ಬರೆದ ಜಾಗವನ್ನು ಮುಟ್ಟಿಸಿ ರೀಸೆಟ್ ಮಾಡುವುದು ಪದ್ಧತಿ, ಆಗ ನೀವು ತುಂಬಿದ ರೇಖಾಂಶ, ಅಂತರ ಎಲ್ಲ ಅಳಿಸುತ್ತವೆ. ಆದ್ದರಿಂದ ಆ ಮೂರು ಅಂಕಿಗಳನ್ನು ವಾರಂಟಿ ಕಾರ್ಡಿನ ಹಿಂದೆ ಬರೆದಿಡಿ. ಗಂಟೆ ಸರಿಯಾಗಿದ್ದ ಮಾತ್ರಕ್ಕೆ ಉಬ್ಬರ ಸರಿಯಿದೆ ಎಂದುಕೊಳ್ಳಬೇಡಿ.

ರಜೆಗೆ ಗಂಗಾವತಿಗೆ ಬಂದಾಗ ಏನು ತೋರಿಸುತ್ತದೆ ಎಂದು ಕೇಳಿದ್ದೀರಿ. ನೀವು ಊರು ಬದಲಿಸದಿದ್ದರೆ ಕುಮಟಾದ ಉಬ್ಬರವನ್ನೇ ತೋರಿಸುತ್ತಿರುತ್ತದೆ. ಹಾಗೇ ಬಿಡಿ. ಗಂಟೆ ಎರಡೂ ಕಡೆ ಒಂದೇ. ಎರಡು ಊರುಗಳ ನಡುವೆ ಎರಡು ಡಿಗ್ರಿ ರೇಖಾಂಶದ ವ್ಯತ್ಯಾಸ, ಚಂದ್ರನ ಲೆಕ್ಕದಲ್ಲಿ ಎಂಟು ನಿಮಿಷ, ಅದು ಲೆಕ್ಕಕ್ಕಿಲ್ಲ. ತುಂಗಭದ್ರಾ ಡ್ಯಾಮಿನ ನೀರಿಗೂ ಆ ಗ್ರಾಫಿಗೂ ಸಂಬಂಧವಿಲ್ಲ. ಅದು ಏರುವುದು ಮಲೆನಾಡಿನ ಮಳೆಯಿಂದ.

ಕೊನೆಗೆ ನಿಮ್ಮ ತಂದೆಯವರ ಪ್ರಶ್ನೆ, ನನಗೆ ತುಂಬ ಇಷ್ಟವಾದದ್ದು. ವಾಚು ಚಂದ್ರನ ವಯಸ್ಸನ್ನು ಎಣಿಸುತ್ತದೆ. ಅಮಾವಾಸ್ಯೆಗೆ ಸೊನ್ನೆ, ಹುಣ್ಣಿಮೆಗೆ 15ರ ಹತ್ತಿರ, ಇಪ್ಪತ್ತೊಂಬತ್ತೂವರೆ ದಿನಕ್ಕೆ ಮತ್ತೆ ಸೊನ್ನೆ. ಸರಾಸರಿ ವೇಗದ ಲೆಕ್ಕವಾದ್ದರಿಂದ ಒಂದು ದಿನ ಹಿಂದುಮುಂದಾಗಬಹುದು. ಪಂಚಾಂಗದ ತಿಥಿ ಬೇರೆ ಬಗೆಯದು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರ ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಸಾಗುವುದರಿಂದ ತಿಥಿಯೊಂದು 19 ಗಂಟೆಗೂ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆಯೋ ಸಾಮಾನ್ಯವಾಗಿ ದಿನಕ್ಕೆ ಅದೇ ಹೆಸರು. ವಾಚಿಗೆ ಇದೊಂದೂ ತಿಳಿಯದು. ಹುಲಿಗೆಮ್ಮನ ಹುಣ್ಣಿಮೆಗೆ ಯಾವತ್ತು ಹೋಗಬೇಕು, ಉಪವಾಸ ಯಾವತ್ತು, ಕೊಪ್ಪಳದ ಗವಿಮಠದ ತೇರಿನ ಪುಷ್ಯ ಬಹುಳ ಬಿದಿಗೆ ಯಾವ ತಾರೀಖಿಗೆ ಎಂದರೆ ಗೋಡೆಯ ಮೇಲಿನ ಪಂಚಾಂಗವೇ ಸರಿ.

ಆದರೆ ರಾತ್ರಿ ಕರೆಂಟು ಕೊಟ್ಟಾಗ ಗದ್ದೆಗೆ ಹೋಗಿ ಮೋಟರು ಹಾಕುವ ರೈತರಾಗಿದ್ದರೆ ವಾಚು ಅವರಿಗೆ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆಯಂದು ಹೊತ್ತು ಮುಳುಗುವಾಗ ಚಂದ್ರ ಮೂಡುತ್ತಾನೆ, ಅಲ್ಲಿಂದ ದಿನಕ್ಕೆ ಸುಮಾರು ಮುಕ್ಕಾಲು ಗಂಟೆಯಿಂದ ಐವತ್ತು ನಿಮಿಷ ತಡ. ವಾಚಿನಲ್ಲಿ ವಯಸ್ಸು 18 ಎಂದಿದ್ದರೆ ರಾತ್ರಿ ಎಂಟೂವರೆ ಒಂಬತ್ತರ ತನಕ ಬದುವಿನ ಮೇಲೆ ಕತ್ತಲು, 22 ಎಂದಿದ್ದರೆ ನಡುರಾತ್ರಿಯವರೆಗೂ ಬೆಳದಿಂಗಳಿಲ್ಲ. ಅಂಥ ದಿನ ಹಾವು ಹುಳದ ಭಯಕ್ಕೆ ಬ್ಯಾಟರಿ ಹಿಡಿದು, ಬೂಟು ಮೆಟ್ಟಿ ಹೋಗಲು ಹೇಳಿ.